ಮಾಂಯ್‌ಗೆ ಮಲ್ಲಿಗೆಯ ಮಡಿಲು

ಕ್ರಿಸ್ಮಸ್‌ಗೆ ಗಂಡನ ಮನೆಯವರಿಗೆ ಏನು ಕೊಡಲಿ ಎಂದು ಯೋಚಿಸುವುದು ನನಗೆ ವರ್ಷದ ಅತ್ಯಂತ ಪ್ರೀತಿಯ ಕೆಲಸ. ಕೆಲವರಿಗೆ ಕಸೂತಿ ಇಷ್ಟ, ಕೆಲವರಿಗೆ ಕೈತೋಟ, ನನಗೆ ಇದು. ಉಡುಪಿ ಜಿಲ್ಲೆಯ ಶಿರ್ವದ ನಮ್ಮ ಮನೆಯಲ್ಲಿ ಇದಕ್ಕೆಂದು ಎತ್ತಿಡಬಹುದಾದ ದುಡ್ಡು ಎರಡು ಸಾವಿರ ರೂಪಾಯಿಯ ಒಳಗೇ. ಅದರಲ್ಲಿ ಮಾಂಯ್ ಎಂದು ನಾವು ಕರೆಯುವ ಅತ್ತೆ, ಮಾಂವ್ ಎಂದು ಕರೆಯುವ ಮಾವ, ಮುಂಬಯಿಯ ಭಾವ, ಓರಗಿತ್ತಿ, ಅವರ ಮಕ್ಕಳು, ಮದುವೆಯಾಗಿ ಕಾಪುವಿಗೆ ಹೋದ ನಾದಿನಿ ಎಲ್ಲರಿಗೂ ಆಗಬೇಕು. ಅಂಗಡಿಯಲ್ಲಿ ಕಂಡದ್ದನ್ನು ಕೊಳ್ಳುವಷ್ಟು ದುಡ್ಡು ಇಲ್ಲದ್ದರಿಂದಲೇ ಈ ಕೆಲಸಕ್ಕೆ ಇಷ್ಟು ರುಚಿ ಬಂದಿದೆ ಎಂದು ನಾನು ನಂಬಿದ್ದೇನೆ. ಹೊಸ ವಸ್ತು ತರಲು ದುಡ್ಡಿದ್ದರೆ ಸಾಕು. ಒಬ್ಬರು ದಿನಾ ಮುಟ್ಟುವ ವಸ್ತುವಿಗೆ ಏನು ಕೊರತೆ ಎಂದು ತಿಳಿಯಬೇಕಾದರೆ ಅವರನ್ನು ನೋಡುತ್ತಾ ಇರಬೇಕು.

ನನ್ನ ನೋಟ ಶುರುವಾಗುವುದು ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನ್ಮದಿನವಾದ ಮೊಂತಿ ಹಬ್ಬಕ್ಕೆ. ಅಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಹೊಸ ಅಕ್ಕಿಯನ್ನು ತೆಂಗಿನ ಹಾಲಿನಲ್ಲಿ ಕಲಸಿ ಎಲ್ಲರೂ ಕುಡಿಯುತ್ತೇವೆ, ತರಕಾರಿಯ ಊಟಕ್ಕೆ ಒಟ್ಟಿಗೆ ಕೂರುತ್ತೇವೆ. ಯಾರು ಏಳುವಾಗ ಮೊಣಕಾಲು ಹಿಡಿದುಕೊಂಡರು, ಯಾರು ಪ್ರಾರ್ಥನೆಯ ಪುಸ್ತಕವನ್ನು ಕಣ್ಣಿನಿಂದ ದೂರ ಹಿಡಿದರು ಎಂಬುದೆಲ್ಲ ಆವತ್ತು ಕಾಣುತ್ತದೆ. ಕಂಡದ್ದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತೇನೆ. ‘ಮಾಂವ್ – ಟಾರ್ಚು ತಟ್ಟಿದರೆ ಮಾತ್ರ ಉರಿಯುತ್ತದೆ.’ ‘ನಾದಿನಿ – ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡಳು.’ ಡಿಸೆಂಬರಿನಲ್ಲಿ ನನಗೆ ಬೇರೆ ಪಟ್ಟಿ ಬೇಕಾಗುವುದಿಲ್ಲ.

ಒಂದು ವರ್ಷ ಮಾಂಯ್‌ಗೆ ಕೊಟ್ಟ, ಮಲ್ಲಿಗೆ ಕೊಯ್ಯುವ ಚೀಲ ಹುಟ್ಟಿದ್ದು ಹಾಗೆ. ನಮ್ಮ ಮನೆಯ ಸುತ್ತ ಇರುವುದು ಶಂಕರಪುರ ಮಲ್ಲಿಗೆ. ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಪಡೆದ ಹೂವು ಇದೇ. ಶಂಕರಪುರ, ಶಿರ್ವದ ಕಡೆ ಅನೇಕ ಮನೆಗಳ ಕೈಖರ್ಚು ನಡೆಯುವುದು ಇದರಿಂದ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಚಳಿ ಬಿದ್ದ ಮೇಲೆ ಗಿಡದಲ್ಲಿ ಹೂವು ಕಡಿಮೆ, ಕಟ್ಟೆಯಲ್ಲಿ ದರ ಜಾಸ್ತಿ. ಹಾಗಾಗಿ ಡಿಸೆಂಬರಿನಲ್ಲಿ ಒಂದೊಂದು ಮೊಗ್ಗನ್ನೂ ಮಾಂಯ್ ಹುಡುಕಿ ಹುಡುಕಿ ಕೊಯ್ಯುತ್ತಾರೆ. ಆಗೆಲ್ಲ ಎಡಗೈಯಲ್ಲಿ ಸೀರೆಯ ಮಡಿಲು ಹಿಡಿದಿರುತ್ತಿದ್ದರು, ಬಲಗೈ ಮಾತ್ರ ಗಿಡದ ಮೇಲೆ. ಕೊಂಬೆ ಬಗ್ಗಿಸಬೇಕಾದಾಗ ಮಡಿಲು ಸಡಿಲವಾಗಿ ನಾಲ್ಕು ಮೊಗ್ಗು ನೆಲಕ್ಕೆ ಬೀಳುತ್ತಿದ್ದವು.

ಅವರಿಗೆ ಬೇಕಾಗಿದ್ದದ್ದು ಎರಡೂ ಕೈ. ಪ್ಲಾಸ್ಟಿಕ್ ಚೀಲವಾದರೆ ಮೊಗ್ಗು ಬೆವರಿ ಬಾಡುತ್ತದೆ. ಬುಟ್ಟಿಯಾದರೆ ಪ್ರತಿ ಗಿಡಕ್ಕೂ ಎತ್ತಿಡಬೇಕು. ಮಾಂವ್ ಉಟ್ಟು ಬಿಟ್ಟ ತೆಳು ಮುಂಡಿನ ಬಟ್ಟೆಯಲ್ಲಿ ಒಳಪದರ ಹೊಲಿದೆ, ಗಾಳಿಯಾಡಲಿ ಎಂದು. ಹೊರಗೆ ನನ್ನ ಹಳೆಯ ಹತ್ತಿ ಸೀರೆಯ ತುಂಡು. ಬಾಯಿ ಮುಚ್ಚಿಕೊಳ್ಳದ ಹಾಗೆ ಅಂಚಿನೊಳಗೆ ಬಿದಿರಿನ ತೆಳು ಸಿಗುಳು ತೂರಿಸಿದೆ. ಬೆನ್ನ ಹಿಂದೆ ಗಂಟು ಹಾಕಲು ಅವರ ಭುಜ ಬಿಡುವುದಿಲ್ಲ ಎಂಬುದು ಕ್ಯಾಲೆಂಡರಿನ ಹಿಂದೆ ಇತ್ತು. ಅದಕ್ಕೆ ದಾರವನ್ನು ಸೊಂಟದ ಸುತ್ತ ತಂದು ಮುಂದೆ ಕಟ್ಟುವಷ್ಟು ಉದ್ದ ಬಿಟ್ಟೆ. ಪಕ್ಕದಲ್ಲಿ ಒಂದು ಚಿಕ್ಕ ಜೇಬು, ಜಪಸರಕ್ಕೆ. ಖರ್ಚಾದದ್ದು ನೂಲಿನ ಒಂದು ಉಂಡೆ. ಹಬ್ಬದ ಮರುದಿನ ಬೆಳಗ್ಗೆ ಅದನ್ನು ಕಟ್ಟಿಕೊಂಡು ಗಿಡಗಳ ನಡುವೆ ಹೋಗಿ ಬಂದ ಮಾಂಯ್, “ಬಾಯೆ, ಇನ್ನೊಂದು ಹೊಲಿ, ಒಗೆದಾಗ ಬೇಕಾಗುತ್ತದೆ” ಎಂದರು. ನನಗೆ ಅದಕ್ಕಿಂತ ಹೆಚ್ಚಿನ ಹೊಗಳಿಕೆ ಬೇಕಿರಲಿಲ್ಲ.

ಆ ಜಪಸರವೂ ಒಂದು ವರ್ಷದ ಉಡುಗೊರೆಯೇ. ಅದು ಅವರ ತಾಯಿಯದು. ಸಂಜೆ ಜಪಸರದ ಪ್ರಾರ್ಥನೆಯಾದ ತೇರ್ಸ್ ಹೇಳುವಾಗ ಸರ ತುಂಡಾಗಿ, ಮಣಿಗಳನ್ನು ಅವರು ಒಂದು ಡಬ್ಬಿಯಲ್ಲಿ ಹಾಕಿಟ್ಟು, ಬೇರೆ ಸರದಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಐದು ಹತ್ತರ ಜಪಸರಕ್ಕೆ ಶಿಲುಬೆಯ ಬಳಿಯವು ಸೇರಿ 59 ಮಣಿ. ಮಲ್ಪೆಯಲ್ಲಿ ಬಲೆ ಹೆಣೆಯುವ ನೈಲಾನ್ ನೂಲು ಸಿಗುತ್ತದೆ. ಬೆವರಿಗೂ ನೀರಿಗೂ ಅದು ಬಗ್ಗುವುದಿಲ್ಲ. ಹತ್ತು ಮಣಿಯ ಒಂದೊಂದು ಗುಂಪಿನ ಆಚೆ ಈಚೆ ಗಂಟು ಹಾಕಿದೆ, ಕಣ್ಣು ಮುಚ್ಚಿದರೂ ಬೆರಳಿಗೆ ಲೆಕ್ಕ ಸಿಗಲಿ ಎಂದು. ತುದಿಯನ್ನು ಮೇಣದಬತ್ತಿಗೆ ತೋರಿಸಿ ಕರಗಿಸಿ ಒತ್ತಿದೆ. ಹೊಸ ಜಪಸರ ಹತ್ತು ಕಡೆ ಸಿಗುತ್ತದೆ. ಅವರ ತಾಯಿಯ ಬೆರಳಿನಲ್ಲಿ ಸವೆದ ಮಣಿ ಎಲ್ಲೂ ಸಿಗುವುದಿಲ್ಲ.

ಮಾಂವ್ ಓದುಗರು. ‘ರಾಕ್ಣೊ’ ಮಂಗಳೂರಿನಿಂದ 1938ರಲ್ಲಿ ಶುರುವಾದ ಕೊಂಕಣಿ ವಾರಪತ್ರಿಕೆ. ಕನ್ನಡ ಲಿಪಿಯಲ್ಲೇ ಬರುತ್ತದೆ. ಮಾಂವ್ ಅದನ್ನು ನೆರೆಮನೆಯವರು ಓದಿ ಮುಗಿಸಿದ ಮೇಲೆ ತಂದು, ತಪ್ಪದೆ ವಾಪಸು ಕೊಡುತ್ತಿದ್ದರು. ಅವರ ಹೆಸರಿಗೆ ವರ್ಷದ ಚಂದಾ ಕಟ್ಟಿದೆ. ತನ್ನ ಹೆಸರು, ಮನೆಯ ಹೆಸರು ಬರೆದ ಮೊದಲ ಪ್ರತಿ ಅಂಚೆಯಲ್ಲಿ ಬಂದ ದಿನ ಅವರು ಆ ಹೊದಿಕೆಯ ಕಾಗದವನ್ನೂ ಮಡಚಿ ಪುಸ್ತಕದೊಳಗೆ ಇಟ್ಟುಕೊಂಡರು. ಚಂದಾದ ದೊಡ್ಡ ಗುಣವೆಂದರೆ ಒಮ್ಮೆ ಕೊಟ್ಟದ್ದು ವರ್ಷವಿಡೀ ಮನೆಗೆ ಬರುತ್ತಲೇ ಇರುತ್ತದೆ. ಹಳೆಯ ಸಂಚಿಕೆಗಳನ್ನು ಈಗ ಅವರೇ ಬೇರೆಯವರಿಗೆ ಕೊಡುತ್ತಾರೆ.

ಮಕ್ಕಳಿಗೆ ಕೊಡುವುದು ಇನ್ನೂ ಸುಲಭ, ಇನ್ನೂ ಸಂತೋಷ. ಭಾವನ ಮಕ್ಕಳು ಬೆಳೆದದ್ದು ಮುಂಬಯಿಯ ಫ್ಲ್ಯಾಟಿನಲ್ಲಿ. ಅವರು ಊರಿಗೆ ಬರುವ ಸುಮಾರು ಎರಡು ವಾರ ಮೊದಲು ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿ, ಹೆಸರು, ಭತ್ತ ಬಿತ್ತುತ್ತೇನೆ. ಒಂದೊಂದು ಗೆರಟೆಯ ಮೇಲೆ ಒಂದೊಂದು ಮಗುವಿನ ಹೆಸರು. ಬಂದವರೇ ತಮ್ಮ ತಮ್ಮ ಗದ್ದೆಯನ್ನು ಹಿಡಿದುಕೊಂಡು ಹೋಗಿ, ಯೇಸುವಿನ ಜನನದ ದೃಶ್ಯವಾದ ಗೋದಲಿಯಲ್ಲಿ ಇಡುತ್ತಾರೆ, ಕುರಿ ಎಲ್ಲಿ ನಿಲ್ಲಬೇಕೆಂದು ಜಗಳವಾಡುತ್ತಾರೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿಯನ್ನು ಕಟ್ಟಿದಾಗಲೂ ಬೇಕಾದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಡತನವನ್ನು ಬಯಸಿ ಬದುಕಿದ ಮನುಷ್ಯನಿಂದ ನಮಗೆ ಬಂದ ಆಚರಣೆಗೆ ದುಬಾರಿ ಸಾಮಾನು ಯಾಕೆ ಬೇಕು?

ಓರಗಿತ್ತಿಗೆ ನನ್ನ ಕೊಡುಗೆ ಒಂದು ಡಬ್ಬಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು. ಶಿರ್ವದಲ್ಲಿ ನಾವು ನೆರೆಹೊರೆಯ ಎಲ್ಲ ಜಾತಿಯವರ ಮನೆಗೂ ಕುಸ್ವಾರ್ ತಟ್ಟೆ ಕಳಿಸುತ್ತೇವೆ. ಅದು ಹಬ್ಬದ ಮರ್ಯಾದೆ. ಓರಗಿತ್ತಿಯ ಡಬ್ಬಿಯ ಲೆಕ್ಕ ಬೇರೆ. ಅದು ರೈಲಿನಲ್ಲಿ ಹೋಗಬೇಕು, ಅಲ್ಲಿ ಜನವರಿಯಲ್ಲಿ ಕೆಲಸಕ್ಕೆ ಹೊರಡುವ ಮೊದಲು ಚಹಾದ ಜೊತೆ ಒಂದೊಂದಾಗಿ ಖಾಲಿಯಾಗಬೇಕು. ಗುಲಾಬಿ ಹೂವಿನ ಅಚ್ಚಿನ ಕೊಕ್ಕಿಸಾಂ ನೋಡಲು ಚಂದ, ಪ್ರಯಾಣದಲ್ಲಿ ಪುಡಿಯಾಗುತ್ತದೆ. ನೆವ್ರಿಯ ಹೂರಣಕ್ಕೆ ತೆಂಗಿನಕಾಯಿಯನ್ನು ಚೆನ್ನಾಗಿ ಹುರಿಯದಿದ್ದರೆ ಬೇಗ ಕೆಡುತ್ತದೆ. ಅದಕ್ಕೆ ಅವಳಿಗೆ ಗಟ್ಟಿ ಗುಳಿಯೊ, ಸಕ್ಕರೆ ಹೊದೆಸಿದ ಕಿಡಿಯೊ, ಖಾರದ ತುಕ್ಡಿ. ಕಿಡಿಯೊದ ಒಂದೊಂದು ಉಂಡೆಯನ್ನೂ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತುವಾಗ ಅವಳು ಮದುವೆಯಾಗಿ ಬಂದ ವರ್ಷ ನನ್ನ ಪಕ್ಕದಲ್ಲಿ ಕುಳಿತು ಸುತ್ತಿದ್ದು ನೆನಪಾಗುತ್ತದೆ. ನಾದಿನಿಗೆ ಏನು ಹೋಗುತ್ತದೆಂದು ಹೇಳಬೇಕಾಗಿಲ್ಲ: ಉಪ್ಪಿನಕಾಯಿಯ ಭರಣಿ.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟ ನನಗಿಲ್ಲ. ಮಾಂಯ್–ಮಾಂವ್ ಮದುವೆಯ ಐವತ್ತನೇ ವರ್ಷಕ್ಕೆ ಕೈಮಗ್ಗದ ಉಡುಪಿ ಸೀರೆ ಕೊಡಬೇಕೆನಿಸಿತು. 2016ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಹತ್ತಿ ಸೀರೆ ಹಗುರ, ಸೆಖೆಗೆ ಹಿತ. ನೇಯುವವರು ಕಡಿಮೆಯಾಗಿರುವಾಗ ಕೊಳ್ಳುವುದೂ ಒಂದು ಪುಣ್ಯ. ಒಬ್ಬಳಿಗೆ ಭಾರವಾಗುತ್ತಿದ್ದ ಸೀರೆ ಓರಗಿತ್ತಿ, ನಾದಿನಿ ಮತ್ತು ನಾನು ದುಡ್ಡು ಸೇರಿಸಿದಾಗ ಕೈಗೆಟುಕಿತು. ಬಣ್ಣ ಆರಿಸಲು ಮೂವರೂ ಫೋನಿನಲ್ಲಿ ಆಡಿದ ಮಾತು, ಮಾಂಯ್ ಎಂಥ ಅಂಚು ಉಡುತ್ತಾರೆ, ಯಾವುದನ್ನು ಮುಟ್ಟುವುದಿಲ್ಲ ಎಂಬ ಚರ್ಚೆ, ನಮ್ಮನ್ನು ಮೊದಲಿಗಿಂತ ಹತ್ತಿರ ತಂದಿತು.

ತವರಿನವರನ್ನು ಹುಟ್ಟಿದಂದಿನಿಂದ ಬಲ್ಲೆ. ಕಾರ್ಕಳದ ಕಡೆಯಿಂದ ಬಂದ ನನಗೆ ಈ ಮನೆಯವರನ್ನು ಕಲಿಯಬೇಕಿತ್ತು, ಮತ್ತು ನಾನು ಕಲಿತದ್ದು ಹೆಚ್ಚಾಗಿ ಈ ಹಬ್ಬದ ನೆಪದಲ್ಲೇ. ಹೊಸದಾಗಿ ಮದುವೆಯಾದ ಹುಡುಗಿಯರು ಏನು ಕೊಡಲಿ ಎಂದು ಕೇಳಿದರೆ ನಾನು ಅಂಗಡಿಯ ಹೆಸರು ಹೇಳುವುದಿಲ್ಲ. ಅತ್ತೆಯ ಜೊತೆ ಒಂದು ಬೆಳಗ್ಗೆ ಹೂ ಕೊಯ್ಯಲು ಹೋಗು, ಮಾವ ಓದುವಾಗ ಹತ್ತಿರ ಕೂತು ನೋಡು ಎನ್ನುತ್ತೇನೆ.

ಈ ಸಲ ಕ್ಯಾಲೆಂಡರಿನ ಹಿಂದೆ ಬರೆದಿರುವುದು ಇಷ್ಟು: ‘ಮಾಂವ್ – ಜಗಲಿಯ ಮೆಟ್ಟಿಲು ಇಳಿಯುವಾಗ ಗೋಡೆ ತಡವುತ್ತಾರೆ.’ ತೋಟದಲ್ಲಿ ಗಟ್ಟಿ ಬಿದಿರಿದೆ. ಕೈಗೆ ಚುಚ್ಚದಂತೆ ಹೆರೆದು, ಮೆಟ್ಟಿಲ ಪಕ್ಕ ಹಿಡಿಕೆಯಾಗಿ ನೆಡಲು ಗಂಡ ಒಪ್ಪಿದ್ದಾರೆ. 24ರ ರಾತ್ರಿಯ ಬಲಿಪೂಜೆಗೆ ಮಾಂವ್ ಹೊರಡುವ ಮೊದಲು ಅದು ಅಲ್ಲಿ ಇರಬೇಕು, ಆದ್ದರಿಂದ ಈ ಉಡುಗೊರೆಯನ್ನು ಒಂದು ದಿನ ಮೊದಲೇ ಕೊಡುತ್ತೇವೆ.