ಅಂಕೋಲೆಯ ಅರವತ್ತು ಎಲೆಗಳು

ಹುಬ್ಬಳ್ಳಿಯಿಂದ ಹೊರಟ ಬಸ್ಸು ಯಲ್ಲಾಪುರವನ್ನು ದಾಟಿ ಅರಬೈಲು ಘಟ್ಟವನ್ನು ಇಳಿಯತೊಡಗಿದೊಡನೆ ಗಾಳಿಯ ಗುಣವೇ ಬದಲಾಗುತ್ತದೆ. ಬಯಲುಸೀಮೆಯ ಒಣಗಾಳಿಗೆ ಒಗ್ಗಿದ ಮೈಗೆ ಅದು ಹಿಂಡದೆ ಬಿಟ್ಟ ವಸ್ತ್ರದಂತೆ ಅಂಟಿಕೊಳ್ಳುತ್ತದೆ. ಪುಸ್ತಕದ ಹಾಳೆ ಮೆತ್ತಗಾಗುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುತ್ತದೆ. ಈ ತೇವದ ಮಾತನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವುಂಟು. ಮುಂದೆ ನಾನು ಹೇಳಲಿರುವ ವೃತ್ತಾಂತದಲ್ಲಿ ಅದಕ್ಕೂ ಒಂದು ಪಾತ್ರವಿದೆ.

ಅಂಕೋಲೆಯನ್ನು ಓದುಗ ಬಂಧುಗಳು ಬೇರೆ ಬೇರೆ ಕಾರಣಗಳಿಂದ ಬಲ್ಲರು. 1930ರ ಉಪ್ಪಿನ ಸತ್ಯಾಗ್ರಹ ನಡೆದ ಊರಿದು. ಹಾಲಕ್ಕಿ ಒಕ್ಕಲಿಗರ ಹಾಡಿಗೆ ನಾಡಿನಲ್ಲೆಲ್ಲ ಗೌರವ ತಂದ ಸುಕ್ರಿ ಬೊಮ್ಮಗೌಡರೂ, ಸಾವಿರಾರು ಸಸಿಗಳನ್ನು ಬೆಳೆಸಿದ ತುಳಸಿ ಗೌಡರೂ ಈ ತಾಲೂಕಿನವರೇ; ಇಬ್ಬರೂ ಈಗ ನಮ್ಮೊಡನಿಲ್ಲ. ಇಲ್ಲಿಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆಯೂ ದೊರೆಯಿತು. ಆ ಹಣ್ಣಿನ ಕಾಲದಲ್ಲಿಯೇ, ಮೇ ತಿಂಗಳ ಕೊನೆಯ ವಾರ, ನಾನು ಅಲ್ಲಿಗೆ ಹೋದೆನಾದರೂ ನನ್ನನ್ನು ಎಳೆದದ್ದು ಮಾವಲ್ಲ, ಮಿತ್ರರೊಬ್ಬರ ಕರೆ. ಮಠದ ಪಾಠಶಾಲೆಯಲ್ಲಿ ನನ್ನೊಡನೆ ಓದಿ, ಬಳಿಕ ಗಣಿತದ ಅಧ್ಯಾಪಕರಾಗಿ, ನಿವೃತ್ತಿಯ ನಂತರ ಮಗನ ಉದ್ಯೋಗದ ಸಲುವಾಗಿ ಅಂಕೋಲೆಯಲ್ಲಿಯೇ ನೆಲೆಸಿದವರು ಅವರು. "ಬಂದು ಒಂದು ತೀರ್ಮಾನ ಹೇಳಿ ಹೋಗ್ರಿ. ಮೊಮ್ಮಗ ಎಲಿ ಆಡಾಕ ಬೆಂಗಳೂರಿಗೆ ಹೊಂಟಾನ" ಎಂದಿದ್ದರು.

ಆ ಮನೆಯಲ್ಲಿ ಈ ಮಾತಿನ ಭಾರವೆಷ್ಟೆಂಬುದು ನನಗೆ ಗೊತ್ತಿತ್ತು. ಸವದತ್ತಿ ಸೀಮೆಯಲ್ಲಿ ಅವರ ತಂದೆಗೆ ಹನ್ನೆರಡು ಎಕರೆ ಎರೆಭೂಮಿ ಇತ್ತು. ಇಸ್ಪೀಟಿನ ಕಟ್ಟೆಯ ಮೇಲೆ ಕುಳಿತೇ ಅಷ್ಟನ್ನೂ ಕಳೆದರು. ತಾಯಿಯ ಕೊರಳಿನಿಂದ ಇಳಿದದ್ದನ್ನು ಮಗ ಕಣ್ಣಾರೆ ಕಂಡಿದ್ದರು. ಮಠದಲ್ಲಿ ಪ್ರಸಾದ ಸಿಕ್ಕದಿದ್ದರೆ ಅವರು ಓದುತ್ತಲೇ ಇರಲಿಲ್ಲ. ಇಸ್ಪೀಟೆಲೆಯನ್ನು ಮುಟ್ಟುವುದಿಲ್ಲವೆಂದು ಗದ್ದುಗೆಯ ಮುಂದೆ ಪ್ರಮಾಣ ಮಾಡಿ ಐವತ್ತು ವರ್ಷಗಳ ಮೇಲಾಗಿತ್ತು. ಅಂಥವರ ಮನೆಯ ಹನ್ನೆರಡು ವರ್ಷದ ಕುಡಿ, ದೇಶದ ನಾನಾ ಕಡೆಯ ಆಟಗಾರರು ಸೇರುವ ಎಲೆಯಾಟದ ಪಂದ್ಯಾವಳಿಗೆ ಹೊರಟು ನಿಂತಿತ್ತು. ಮಗ ಹೋಗಲಿ ಎನ್ನುತ್ತಿದ್ದ, ಅಜ್ಜ ಕೂಡದು ಎನ್ನುತ್ತಿದ್ದರು. ಒಂದು ವಾರದಿಂದ ತಂದೆ ಮಕ್ಕಳಲ್ಲಿ ಮಾತಿರಲಿಲ್ಲ.

ಹುಡುಗ ಒಂದು ತಗಡಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟ. "ಅಜ್ಜಾರ, ಇದು ಇಸ್ಪೀಟ್ ಅಲ್ರಿ. ಇದರಾಗ ರೊಕ್ಕ ಕಟ್ಟೂದಿಲ್ಲ" ಎಂದ. ಡಬ್ಬಿಯ ತಳದಲ್ಲಿ ಅಕ್ಕಿ. ಅದರ ಮೇಲೆ ಬಟ್ಟೆ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಕವಚ ತೊಟ್ಟ ಎಲೆಗಳು.

ಇದು ಪೋಕೆಮಾನ್ ಎಂಬ ಜಪಾನೀ ಆಟ, 1996ರಲ್ಲಿ ಹೊರಬಂದದ್ದು. ಇಂಥ ಆಟಗಳ ಕುಲಕ್ಕೆ ಮೂಲಪುರುಷ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ. ಆತನ 'ಮ್ಯಾಜಿಕ್' ಎಂಬ ಆಟ 1993ರಲ್ಲಿ ಬಂದಿತು. ನಮ್ಮ ಇಸ್ಪೀಟಿಗೂ ಇದಕ್ಕೂ ಮೂಲಭೂತವಾದ ಒಂದು ಭೇದವಿದೆ. ಇಸ್ಪೀಟಿನಲ್ಲಿ ಐವತ್ತೆರಡೆಲೆಯ ಒಂದೇ ಕಟ್ಟು ಎಲ್ಲರಿಗೂ ಸೇರಿದ್ದು. ಕಲಸಿ ಹಂಚಿದಾಗ ಯಾರಿಗೆ ಯಾವುದು ಬರುವುದೋ ಬರಲಿ. ಇಲ್ಲಿ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರಬೇಕು. ಸಾವಿರಾರು ಬಗೆಯ ಎಲೆಗಳಲ್ಲಿ ಸರಿಯಾಗಿ ಅರವತ್ತನ್ನು ಆರಿಸಬೇಕು. ಮೂಲ ಶಕ್ತಿಯ ಎಲೆಗಳನ್ನು ಬಿಟ್ಟರೆ ಒಂದು ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚಿರಕೂಡದು. ಆಟದ ಮೊದಲಿಗೆ ಏಳೆಲೆ ಕೈಗೆ, ಆರೆಲೆ ಬೋರಲಾಗಿ ಬದಿಗೆ. ಎದುರಾಳಿಯ ಪ್ರಾಣಿಯನ್ನು ಕೆಡವಿದಾಗಲೆಲ್ಲ ಬದಿಯ ಎಲೆಗಳನ್ನು ಎತ್ತಿಕೊಳ್ಳುತ್ತ ಹೋಗಬೇಕು. ಆರೂ ಮುಗಿದರೆ ಗೆಲುವು. ತನ್ನ ಸರದಿಯಲ್ಲಿ ಎಳೆಯಲು ಕಟ್ಟಿನಲ್ಲಿ ಎಲೆಯೇ ಉಳಿಯದವನು ಸೋತಂತೆ. ಅಂದರೆ ಆಟದ ಅರ್ಧಭಾಗ ಮೇಜಿಗೆ ಬರುವ ಮುನ್ನವೇ, ಮನೆಯಲ್ಲಿ, ಆಯ್ಕೆಯಲ್ಲಿಯೇ ನಡೆದುಹೋಗಿರುತ್ತದೆ.

ಮಿತ್ರರು ಕೇಳಿದ್ದು ಶಾಸ್ತ್ರದ ಪ್ರಶ್ನೆ: ಇದು ದ್ಯೂತವೋ ಅಲ್ಲವೋ? ಮನುಸ್ಮೃತಿಯು ನಿರ್ಜೀವ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ, ಜೀವಿಗಳನ್ನು ಕಾದಿಸಿ ಆಡುವುದನ್ನು ಸಮಾಹ್ವಯವೆಂದೂ ವಿಂಗಡಿಸುತ್ತದೆ. ಕರಾವಳಿಯ ಕೋಳಿ ಅಂಕವು ಸಮಾಹ್ವಯಕ್ಕೆ ಒಳ್ಳೆಯ ನಿದರ್ಶನ. ಆದರೆ ನಿರ್ಜೀವ ಎಲೆಯ ಮೇಲೆ ಜೀವಿಗಳ ಚಿತ್ರ ಬರೆದು, ಆ ಚಿತ್ರಗಳನ್ನು ಕಾದಿಸಿದರೆ ಅದು ಯಾವ ವರ್ಗಕ್ಕೆ ಸೇರುತ್ತದೆ? ಸ್ಮೃತಿಕಾರರಿಗೆ ಈ ಸಂದೇಹ ಬಂದಿರಲಾರದು. ನಾನಿದನ್ನು ಹೇಳಿದಾಗ ಹುಡುಗ ನಕ್ಕ, ಅವನ ಅಜ್ಜ ನಗಲಿಲ್ಲ. ಎರಡೂ ವರ್ಗಗಳಿಗೆ ಸಮಾನವಾದದ್ದು ಪಣ. ಕೌಟಿಲ್ಯನು ದ್ಯೂತಾಧ್ಯಕ್ಷನನ್ನು ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ರಾಜ್ಯಕ್ಕೆ ಸಲ್ಲಿಸಬೇಕೆಂದು ವಿಧಿಸಿದ್ದಾನೆ. ಪಣವಿಲ್ಲದಲ್ಲಿ ಆ ಅಧ್ಯಕ್ಷನಿಗೆ ಕೆಲಸವೇ ಇರುತ್ತಿರಲಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. ಆ ತೀರ್ಪನ್ನು ಹಿಡಿದುಕೊಂಡು ಎಷ್ಟು ಸಂಸಾರಗಳು ಹಾಳಾಗಿವೆಯೆಂದು ಮಿತ್ರರು ಕೇಳಿದರು. ಆ ಪ್ರಶ್ನೆ ಕಡೆಗಣಿಸತಕ್ಕದ್ದಲ್ಲ.

ಎಲೆಯಾಟವೆಲ್ಲವೂ ಹಾಳು ಕಟ್ಟೆಯದೇ ಎಂದು ತಿಳಿಯುವುದು ಮಾತ್ರ ಸರಿಯಲ್ಲ. ಕಳಾವರ ಎಂಬ ನಮ್ಮ ಮಾತು ಡಚ್ಚರ 'ಕ್ಲಾವರ್' ಎಂಬುದಕ್ಕೂ, ಇಸ್ಪೀಟು ಪೋರ್ತುಗೀಜರ 'ಎಸ್ಪಾದಾ' ಎಂಬುದಕ್ಕೂ ತೀರ ಸಮೀಪವಾಗಿವೆ. ಈ ಎಲೆಗಳು ಬರುವುದಕ್ಕೆ ಮುನ್ನವೇ ನಮ್ಮಲ್ಲಿ ಗಂಜೀಫಾ ಇತ್ತು. ಬಾಬರನು 1527ರಲ್ಲಿ ಸಿಂಧದ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದನ್ನು ತಾನೇ ಬರೆದಿಟ್ಟಿದ್ದಾನೆ. ದಶಾವತಾರದ ಕಟ್ಟಿನಲ್ಲಿ ಹತ್ತು ಬಣಗಳು, ಒಂದೊಂದಕ್ಕೆ ಹನ್ನೆರಡರಂತೆ ನೂರಿಪ್ಪತ್ತು ಎಲೆಗಳು; ಹಗಲಿನ ಆಟವನ್ನು ರಾಮನೂ ಇರುಳಿನ ಆಟವನ್ನು ಕೃಷ್ಣನೂ ಮೊದಲು ಮಾಡುತ್ತಾರೆ. ಅರ್ಧ ಬಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಇದು ತಿರುಗುಮುರುಗು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಇಂಥ ಆಟಗಳನ್ನು 'ಛದ'ಗಳೆಂದು ಕರೆದು ವಿವರಿಸಿದ್ದಾರೆ. ಛದವೆಂದರೂ ಎಲೆಯೇ. ಅವುಗಳಲ್ಲಿ ಚಾಮುಂಡೇಶ್ವರೀ ಛದಕ್ಕೆ ಎಲೆಗಳು ಮುನ್ನೂರಿಪ್ಪತ್ತು! ಕಾರವಾರದಿಂದ ಗೋವೆಯನ್ನು ದಾಟಿದರೆ ಸಿಗುವ ಸಾವಂತವಾಡಿಯಲ್ಲಿ ಈಗಲೂ ಗಂಜೀಫಾ ಬರೆಯುತ್ತಾರೆ. 1970ರ ದಶಕದಲ್ಲಿ ಅಲ್ಲಿಯ ರಾಜಮನೆತನವೇ ಆ ಕಲೆಯನ್ನು ಎತ್ತಿ ನಿಲ್ಲಿಸಿತು. ಗುಂಡಗಿನ ಆ ಎಲೆಗಳ ಮೇಲೆ ಅರಗಿನ ಲೇಪವಿರುತ್ತದೆ. ಕಡಲ ತೇವವನ್ನು ಬಲ್ಲವರು ಮಾಡಿದ ಎಲೆಗಳವು.

ಹುಡುಗನ ಡಬ್ಬಿಯಲ್ಲಿ ಅಕ್ಕಿ ಏಕಿತ್ತೆಂಬುದು ಆಗ ನನಗೆ ಅರ್ಥವಾಯಿತು. ಅವನ ಎಲೆಗಳಲ್ಲಿ ಕೆಲವು ಹೊಳೆಯುವ ತಗಡಿನ ಪದರವುಳ್ಳವು. ಕಾಗದವು ತೇವವನ್ನು ಹೀರುತ್ತದೆ, ಹೊಳಪಿನ ಪದರವು ಹೀರುವುದಿಲ್ಲ. ಎಲೆ ಹಪ್ಪಳದಂತೆ ಬಾಗುತ್ತದೆ. ಮನೆಯಲ್ಲಿ ಅದರಿಂದ ನಷ್ಟವಿಲ್ಲ. ಆದರೆ ಪಂದ್ಯಾವಳಿಯಲ್ಲಿ ತೀರ್ಪುಗಾರರು ಕಟ್ಟನ್ನು ಪರೀಕ್ಷಿಸುತ್ತಾರೆ. ಬೆನ್ನು ನೋಡಿಯೇ ಗುರುತಿಸಬಹುದಾದ ಎಲೆಯಿದ್ದರೆ ದಂಡ. ಘಟ್ಟದ ಮೇಲಿನ ಹುಡುಗನಿಗೆ ಇಲ್ಲದ ಈ ಸಂಕಟ ಕರಾವಳಿಯವನಿಗೆ ಉಂಟು.

ಮರುದಿನ ಭಾನುವಾರ. ಹುಡುಗನೊಡನೆ ಕಾರವಾರಕ್ಕೆ ಹೊರಟೆವು. ಅವರ್ಸಾ, ಹಾರವಾಡ, ಅಮದಳ್ಳಿ, ಅರಗಾ: ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತೆಂಗು, ನಡುನಡುವೆ ಕಡಲಿನ ಒಂದು ತುಣುಕು. ಅಮದಳ್ಳಿಯಿಂದ ಮುಂದೆ ಬಲು ದೂರ ನೌಕಾದಳದ ಗೋಡೆ. 2005ರಲ್ಲಿ ಕದಂಬ ನೌಕಾನೆಲೆ ಸೇವೆಗೆ ತೊಡಗಿದ ಮೇಲೆ ಈ ತೀರಕ್ಕೆ ದೇಶದ ಎಲ್ಲ ಮೂಲೆಗಳ ಸಂಸಾರಗಳೂ ಬಂದವು. ಹುಡುಗನಿಗೆ ಈ ಆಟವನ್ನು ಕಲಿಸಿದವನೂ ಅಂಥದೇ ಮನೆಯವನು, ವಿಶಾಖಪಟ್ಟಣದಿಂದ ಬಂದವನು. ಅಂಕೋಲೆ ಕಾರವಾರಗಳೆರಡರಲ್ಲಿ ಇವನಿಗೆ ಎದುರು ಕೂರುವವನು ಅವನೊಬ್ಬನೇ. ಅವನ ತಂದೆಗೆ ಕೊಚ್ಚಿಗೆ ವರ್ಗವಾಗಿತ್ತು. ಜೂನ್ ಮೊದಲ ವಾರ ಹೊರಡಬೇಕು.

ಬಿಣಗಾದ ಸುರಂಗವನ್ನು ದಾಟಿ ಕಾರವಾರ. ಕಾಳಿ ನದಿಯಾಚೆ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡ. 1752ರಲ್ಲಿ ಅದು ಪೋರ್ತುಗೀಜರ ಕೈಸೇರಿತ್ತು. ಕೆಳಗಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಕುಸಿಯಿತು. ಕಡಲತೀರಕ್ಕೆ ರವೀಂದ್ರರ ಹೆಸರು. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದಿದ್ದಾಗ ಅವರು ಇಲ್ಲಿಯೇ 'ಪ್ರಕೃತಿರ ಪ್ರತಿಶೋಧ'ವನ್ನು ಬರೆದರು; ಲೋಕವನ್ನು ಬಿಟ್ಟೆನೆಂದುಕೊಂಡ ಸಂನ್ಯಾಸಿಯನ್ನು ಒಂದು ಮಗುವಿನ ಪ್ರೀತಿ ಮತ್ತೆ ಎಳೆದು ತರುವ ಕಥೆಯದು. ಚಪಲ್ ಎಂಬ ಹಳೆಯ ಯುದ್ಧನೌಕೆಯನ್ನು ಮರಳಿನ ಮೇಲೆ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಅದರ ಮರೆಯಲ್ಲಿ ಗಾಳಿ ಕಡಿಮೆ. ಹುಡುಗರಿಬ್ಬರೂ ಅಲ್ಲಿ ಚಾಪೆ ಹಾಸಿ, ಎಲೆಗಳ ಮೇಲೆ ಚಿಪ್ಪುಗಳನ್ನು ಹೇರಿಟ್ಟು ಎರಡು ಗಂಟೆ ಆಡಿದರು. ಒಬ್ಬ ಕಲಸಿದ ಕಟ್ಟನ್ನು ಇನ್ನೊಬ್ಬ ಕತ್ತರಿಸುವುದು, ಮುಗಿದ ಮೇಲೆ ಕೈಕುಲುಕುವುದು, ಸೋತವನು ತಾನೆಲ್ಲಿ ಎಡವಿದೆನೆಂದು ಗೆದ್ದವನನ್ನೇ ಕೇಳುವುದು, ಇವನ್ನೆಲ್ಲ ನಾನು ಕಂಡೆ. ಇಸ್ಪೀಟಿನ ಕಟ್ಟೆಯ ಮೇಲೆ ಆ ಕೊನೆಯದನ್ನು ಯಾರೂ ಕಂಡಿರಲಾರರು.

ಪಣ ಎಲ್ಲಿದೆಯೆಂಬುದು ಹೊಳೆದದ್ದು ಹಿಂದಿರುಗುವ ದಾರಿಯಲ್ಲಿ. ಪೇಟೆಯ ಅಂಗಡಿಯೊಂದರ ಮುಂದೆ ಹುಡುಗ ನಿಂತ. ಮುಚ್ಚಿದ ಪೊಟ್ಟಣಗಳು ತೂಗಾಡುತ್ತಿದ್ದವು. ಸಾಮಾನ್ಯವಾಗಿ ಒಂದರಲ್ಲಿ ಹತ್ತು ಎಲೆಗಳು. ಯಾವುವೆಂಬುದು ಒಡೆಯುವವರೆಗೆ ತಿಳಿಯದು. ಬಹುಪಾಲು ಸಾಧಾರಣ, ಯಾವಾಗಲೋ ಒಂದು ಅಪರೂಪದ್ದು. ಅವನ ಕಣ್ಣುಗಳಲ್ಲಿ ಆಗ ಕಂಡ ಹೊಳಪು ಚಪಲ್‌ನ ಮರೆಯಲ್ಲಿ ಕಂಡಿರಲಿಲ್ಲ. ಬಂಡಿ ಹಬ್ಬದ ಅಂಗಡಿಸಾಲಿನಲ್ಲಿ ಕೊಂಡ ಹತ್ತಾರು ಪೊಟ್ಟಣಗಳು ಶುದ್ಧ ನಕಲಿಯಾಗಿದ್ದವೆಂಬುದನ್ನೂ ಅವನೇ ಹೇಳಿದ. ಆದರೂ ಕೈ ಜೇಬಿನತ್ತಲೇ ಹೋಗುತ್ತಿತ್ತು.

ಅಂದು ರಾತ್ರಿ ನಾನು ಮಿತ್ರರಿಗೆ ಹೇಳಿದ್ದಿಷ್ಟು: ಮೇಜಿನ ಮೇಲೆ ನಡೆಯುವುದು ದ್ಯೂತವಲ್ಲ, ಮುಚ್ಚಿದ ಪೊಟ್ಟಣವನ್ನು ಕೊಳ್ಳುವುದು ದ್ಯೂತ. ಅಲ್ಲಿ ಹಣ ಕಟ್ಟುತ್ತೇವೆ, ಅದೃಷ್ಟವನ್ನು ನೋಡುತ್ತೇವೆ, ಸೋತರೆ ಮತ್ತೊಮ್ಮೆ ಕಟ್ಟುತ್ತೇವೆ. ಕಂಪ್ಯೂಟರ್ ಆಟಗಳಲ್ಲಿಯ ಇಂಥದೇ ಮುಚ್ಚಿದ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶದ ಅಧಿಕಾರಿಗಳು 2018ರಲ್ಲಿ ಜೂಜೆಂದೇ ಸಾರಿದರು. ಪಂದ್ಯಕ್ಕೆ ಪೊಟ್ಟಣ ಬೇಕಾಗಿಯೇ ಇಲ್ಲ. ಬೇಕಾದ ಎಲೆಯನ್ನು ಹೆಸರು ಹೇಳಿ ಬಿಡಿಯಾಗಿ ತರಿಸಬಹುದು. ಎಷ್ಟೋ ಎಲೆಗಳಿಗೆ ಹೊಳೆಯುವ ರೂಪವೂ ಉಂಟು, ಸಾದಾ ರೂಪವೂ ಉಂಟು. ಆಟದಲ್ಲಿ ಎರಡಕ್ಕೂ ಬಲ ಒಂದೇ, ಸಾದಾ ಎಲೆಗೆ ಬೆಲೆ ಕಡಿಮೆ, ಮೇಲಾಗಿ ಅದು ತೇವಕ್ಕೆ ಅಷ್ಟಾಗಿ ಬಾಗುವುದಿಲ್ಲ. ಕೂಡಿಡುವವನಿಗೆ ಬೇಕಾದದ್ದು ಬೇರೆ, ಆಡುವವನಿಗೆ ಬೇಕಾದದ್ದು ಬೇರೆ. ಇನ್ನೊಂದು ಸಂಗತಿ ನನಗೆ ಹಿಡಿಸಲಿಲ್ಲ, ಅದನ್ನೂ ಹೇಳಿದೆ: ಎಲೆಯ ಮೂಲೆಯಲ್ಲಿ ಒಂದು ಅಕ್ಷರವಿರುತ್ತದೆ, ಹಳೆಯ ಅಕ್ಷರದ ಎಲೆಗಳು ಕೆಲವು ವರ್ಷಗಳಲ್ಲಿ ಮುಖ್ಯ ಪಂದ್ಯಗಳಿಗೆ ಸಲ್ಲದಂತಾಗುತ್ತವೆ. ಆಟ ಹಳಸದಿರಲೆಂದು ಹೀಗೆ ಮಾಡುವುದಾಗಿ ಹೇಳುತ್ತಾರೆ. ವ್ಯಾಪಾರಿಯ ಗಲ್ಲೆಯೂ ಹಳಸುವುದಿಲ್ಲ.

ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಮ್ಮಗನನ್ನು ಕರೆದು, "ಪೊಟ್ಟಣ ಒಡಿಯಂಗಿಲ್ಲ. ಪ್ರತಿ ಎಲಿಗೂ ಲೆಕ್ಕ ಬರೀಬೇಕು. ನಾನೂ ಬರ್ತೀನಿ" ಎಂದರು. ಪೊಟ್ಟಣದ ಮಾತಿಗೆ ಹುಡುಗ ಮುಖ ಚಿಕ್ಕದು ಮಾಡಿದರೂ ಒಪ್ಪಿದ. ಹೊಳೆಯುವ ಒಂಬತ್ತು ಎಲೆಗಳನ್ನು ಕಟ್ಟಿನಿಂದ ತೆಗೆದು, ಸಾದಾ ಎಲೆಗಳಿಗೆ ಪಟ್ಟಿ ಬರೆದ. ಹತ್ತೇ ದಿನದಲ್ಲಿ ಅವು ಅಂಚೆಯಲ್ಲಿ ಬಂದವಂತೆ.

ಜೂನ್ ನಡುವಿನಲ್ಲಿ ಅಜ್ಜ ಮೊಮ್ಮಕ್ಕಳು ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋದರು. ನಡೆದುದನ್ನು ಮಿತ್ರರು ದೂರವಾಣಿಯಲ್ಲಿ ತಿಳಿಸಿದರು. ಪಂದ್ಯ ಸ್ವಿಸ್ ಪದ್ಧತಿಯದು. 1895ರಲ್ಲಿ ಜ್ಯೂರಿಕ್ ನಗರದ ಚದುರಂಗ ಪಂದ್ಯಾವಳಿಯಲ್ಲಿ ಮೊದಲು ಬಳಕೆಗೆ ಬಂದದ್ದು. ಸೋತವನನ್ನು ಹೊರಗೆ ಹಾಕುವುದಿಲ್ಲ. ಅಷ್ಟೇ ಅಂಕಗಳಿರುವ ಇನ್ನೊಬ್ಬನ ಎದುರಿಗೆ ಕೂರಿಸುತ್ತಾರೆ. ಇಡೀ ವರ್ಷ ಒಬ್ಬನೇ ಎದುರಾಳಿಯನ್ನು ಕಂಡಿದ್ದ ಹುಡುಗನಿಗೆ ಒಂದೇ ದಿನ ಆರು ಜನ ದೊರೆತರು. ಮೂರು ಗೆಲುವು, ಎರಡು ಸೋಲು, ಒಂದು ಸಮ. ಕಟ್ಟಿನ ಪರೀಕ್ಷೆಯಲ್ಲಿ ಒಂದು ಎಲೆಯ ಮೇಲೂ ಆಕ್ಷೇಪ ಬರಲಿಲ್ಲ. ಅವನನ್ನು ಕಾಡಿದ್ದು ಗಡಿಯಾರ. ಗೆಳೆಯ ಕೊಚ್ಚಿಗೆ ಹೋದ ಮೇಲೆ ಅವನು ತನ್ನ ಎಡಗೈಗೂ ಬಲಗೈಗೂ ಆಡಿಸಿಕೊಂಡೇ ಅಭ್ಯಾಸ ಮಾಡಿದ್ದ. ತನ್ನೊಡನೆ ತಾನು ಆಡುವವನಿಗೆ ಅವಸರವೆಲ್ಲಿಯದು? ಐವತ್ತು ನಿಮಿಷದಲ್ಲಿ ಮೂರಾಟ ಮುಗಿಯಬೇಕು. ಐದನೆಯ ಸುತ್ತಿನಲ್ಲಿ ಗೆಲುವು ಎದುರಿಗಿದ್ದಾಗಲೇ ವೇಳೆ ಮುಗಿದು ಆಟ ಸಮವಾಯಿತು. ಮೊದಲ ಎಂಟರೊಳಗೆ ಸೇರುವ ಅವಕಾಶ ಅಲ್ಲಿಗೇ ಹೋಯಿತು. ಮಕ್ಕಳ ಮೇಜಿನ ಬಳಿ ಹಿರಿಯರನ್ನು ಬಿಡುವುದಿಲ್ಲವಾದ್ದರಿಂದ ಅಜ್ಜ ಸಭಾಂಗಣದ ಗೋಡೆಗೊರಗಿ ಇಡೀ ದಿನ ನಿಂತೇ ಇದ್ದರಂತೆ.

ಶ್ರಾವಣದಲ್ಲಿ ಮತ್ತೆ ಅವರ ಕರೆ ಬಂದಿತು. ಕುಶಲ ಕೇಳುವ ಮುನ್ನವೇ ಲೆಕ್ಕಕ್ಕಿಳಿದರು. "ಶಾಸ್ತ್ರಿಗಳ, ಅರವತ್ತರಾಗ ಒಂದ ಎಲಿ ನಾಕ ಇಟ್ರ ಮೊದಲನೇ ಏಳರಾಗ ಬರೂ ಸಂಭವ ನೂರಕ್ಕ ನಲವತ್ತು. ಮೂರ ಇಟ್ರ ಮೂವತ್ತೊಂದೂವರಿಗೆ ಇಳೀತದ. ಅಷ್ಟಕ್ಕ ಒಂದ ಜಾಗ ಕಳಕೊಳ್ಳೂದು ಬ್ಯಾಡ ಅಂತೀನಿ ನಾನು, ಇವ ಕೇಳವಲ್ಲ." ಹಿಂದಿನಿಂದ ಹುಡುಗನ ದನಿ: "ಅಜ್ಜಾ, ಲಗೂನ ಆಡು, ವ್ಯಾಳ್ಯಾ ಮುಗೀತು!"