ಕಾಗಿಣಾ ನೀರು ಕುಡಿದ ಜಮಖಾನ

ನಮ್ಮ ಮನೆಯಲ್ಲಿ ಒಂದು ಹಳೆಯ ಜಮಖಾನ ಇದೆ. ಕೆಂಪು ಅಂಚು, ನಡುವೆ ಪಗಡೆ ಹಾಸು, ಮೂಲೆಗಳಲ್ಲಿ ಬಿಳಿ ನವಿಲು. ಅಪ್ಪ ಮಾಸ್ತರಿಕೆ ತರಬೇತಿಗೆ ಧಾರವಾಡಕ್ಕೆ ಹೋದಾಗ ನವಲಗುಂದದಿಂದ ತಂದದ್ದು. ತೊಟ್ಟಿಲಿಗೆ, ಕುಬಸಕ್ಕೆ, ಬೀಗರು ಬಂದಾಗ ಇದನ್ನೇ ಹಾಸುತ್ತಿದ್ದೆವು. 2019ರಲ್ಲಿ ಅಪ್ಪ ತೀರಿಕೊಂಡಾಗ ಮಾತಾಡಿಸಲು ಬಂದವರು ಕೂತದ್ದೂ ಇದರ ಮೇಲೆಯೇ.

2020ರ ಅಕ್ಟೋಬರ್‌ನಲ್ಲಿ ಕಾಗಿಣಾ ಉಕ್ಕಿದ್ದನ್ನು ಸೇಡಂ ಕಡೆಯವರು ಯಾರೂ ಮರೆತಿಲ್ಲ. ಆಗ ಜಮಖಾನ ಹೊಳೆ ದಂಡೆಯ ಊರಲ್ಲಿರುವ ನಮ್ಮ ಅತ್ತೆಯ ಮನೆಯಲ್ಲಿತ್ತು. ಮೊಮ್ಮಗಳ ತೊಟ್ಟಿಲಿಗೆಂದು ಒಯ್ದಿದ್ದರು. ನಾವು ಮಳಖೇಡದ ಕಡೆ ನಿಂತು ಪತ್ರಿಕೆಗೆ ಫೋಟೊ ಕಳಿಸುತ್ತಿದ್ದೆವು. ಅತ್ತೆ ಫೋನ್ ಮಾಡಿದರು: "ತಮ್ಮಾ, ಮಂದಿ ಎಲ್ಲಾ ಪಾಡ ಇದ್ದೀವಿ. ಖರೇ ನಿಮ್ಮಪ್ಪನ ಜಮಖಾನ ನೀರಾಗ ಮುಳುಗ್ಯದ."

"ಬರ್ತೀನಿ ಅತ್ತೀ" ಅಂದೆವು. ಹೋದದ್ದು ಎಂಟು ದಿನದ ಮೇಲೆ. ಅಷ್ಟರಲ್ಲಿ ಮಡಿಕೆಯೊಳಗೆ ಕರಿ ಬೂಜು ಹಿಡಿದಿತ್ತು, ಕೆಸರಿನ ವಾಸನೆ ತಲೆಗೇರುತ್ತಿತ್ತು. ಬಿದ್ದ ಮನೆ, ಹೋದ ಬೆಳೆ, ಸತ್ತ ದನ ಎಲ್ಲವನ್ನೂ ಎಣಿಸಿ ಬರೆದಿದ್ದೆವು. ಎಷ್ಟೋ ಮನೆಗಳ ಕೌದಿ, ಕಂಬಳಿ, ಜಮಖಾನ ನಮ್ಮ ಒಂದು ಸುದ್ದಿಯಲ್ಲೂ ಇರಲಿಲ್ಲ.

ತಪ್ಪು ಮುಚ್ಚಿಕೊಳ್ಳುವ ಅವಸರದಲ್ಲಿ ಇನ್ನೊಂದು ತಪ್ಪು ಮಾಡಿದೆವು. ಅವ್ವ ಇಲ್ಲದ ಹೊತ್ತಿನಲ್ಲಿ ಕುದಿನೀರು ಸುರಿದು, ಬಟ್ಟೆ ಪುಡಿ ಹಾಕಿ, ಬ್ರಷ್ಷಿನಿಂದ ಗಸಗಸ ತಿಕ್ಕಿದೆವು. ಕೆಂಪು ಬಣ್ಣ ಬಿಟ್ಟು ಒಂದು ನವಿಲು ಪೂರ್ತಿ ಕೆಂಪಾಯಿತು. ಅವ್ವ ಬಂದು ನೋಡಿ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಹುಬ್ಬಳ್ಳಿಗೆ ಹೋದಾಗ ಜಮಖಾನ ಕಟ್ಟಿಕೊಂಡು ನವಲಗುಂದಕ್ಕೂ ಹೋದೆವು. ಈ ಜಮಖಾನಕ್ಕೆ ಜಿಐ ಮಾನ್ಯತೆ ಇದೆ. ನೇಯುವವರು ಹೆಣ್ಣುಮಕ್ಕಳು. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಅಲ್ಲಿಂದ ಬಂದ ಮುಸ್ಲಿಂ ಕುಟುಂಬಗಳ ಕಸುಬು ಇದು ಎನ್ನುತ್ತಾರೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಹತ್ತಿ ನೂಲನ್ನು ಕೈಯಿಂದಲೇ ತೂರಿಸಿ ನೇಯುತ್ತಾರೆ. ಈಗ ನೇಯುವವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬ ಅಕ್ಕ ನಮ್ಮ ಜಮಖಾನದ ಹಿಂಬದಿ ತಿರುವಿ, ಬೆರಳಾಡಿಸಿ, "ನೂಲು ಗಟ್ಟಿ ಐತ್ರೀ. ಹತ್ತಿದ ಬಣ್ಣ ಹೋಗಂಗಿಲ್ಲ. ಇನ್ನ ಮ್ಯಾಲಾದ್ರೂ ಚಂದ ಇಟ್ಕೋರಿ" ಅಂದರು. ಬಿಚ್ಚಿದ್ದ ಕುಚ್ಚುಗಳನ್ನು ಗಂಟು ಹಾಕಿ ಕೊಟ್ಟರು.

ಅವರು ಹೇಳಿದ್ದು, ಅವ್ವನಿಗೆ ಗೊತ್ತಿದ್ದದ್ದು, ನಾವು ಕೆಡಿಸಿ ಕಲಿತದ್ದು ಕೂಡಿಸಿ ನಿಮಗೆ ಹೇಳುತ್ತೇವೆ.

ಮೊದಲು ಧೂಳು, ಆಮೇಲೆ ನೀರು. ನಮ್ಮ ಸೇಡಂ, ವಾಡಿ, ಶಹಾಬಾದ ಕಡೆ ಇದು ಇನ್ನೂ ಮುಖ್ಯ. "ಸಿಮೆಂಟಿನ ಧೂಳಿಗಿ ನೀರು ತಾಗಿದ್ರ ಗಚ್ಚ ಆಗ್ತದ" ಅಂತ ಅವ್ವ ಹೇಳುವುದು ಸುಳ್ಳಲ್ಲ. ಒಣಗಿದ್ದಾಗಲೇ ಹಿಂಬದಿಯಿಂದ ಮೆಲ್ಲಗೆ ಬಡಿದು ಝಾಡಿಸಬೇಕು.

ತೊಳೆಯುವ ಮುಂಚೆ ಬಿಳಿ ಅರಿವೆ ಒದ್ದೆ ಮಾಡಿ ಒಂದು ಮೂಲೆಯಲ್ಲಿ ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರಿಗೆ ಹಾಕಬೇಡಿ, ಝಾಡಿಸಿ ಬಿಸಿಲು ಕಾಣಿಸಿದರೆ ಸಾಕು. ಹತ್ತದಿದ್ದರೆ ತಣ್ಣೀರು, ಸ್ವಲ್ಪವೇ ಸೋಪು. ಸುಣ್ಣಕಲ್ಲಿನ ನೆಲದ ಬೋರಿನ ನೀರು ಗಡಸು. ಅದರಲ್ಲಿ ಸೋಪು ನೊರೆ ಬಾರದೆ ಎಳೆಗೆ ಅಂಟಿ ಕೂರುತ್ತದೆ. ಮಳೆ ನೀರು ಹಿಡಿದಿದ್ದರೆ ಅದರಲ್ಲೇ ಜಾಲಿಸಿ. ಉಣ್ಣೆ ಕಂಬಳಿಗೆ ಬಿಸಿನೀರು, ಸೋಡಾ ಎರಡೂ ಬೇಡ, ಕುಗ್ಗಿ ದಡ್ಡಾಗುತ್ತದೆ.

ಒದ್ದೆ ಜಮಖಾನ ಹಗ್ಗಕ್ಕೆ ಹಾಕಿದರೆ ತನ್ನ ಭಾರಕ್ಕೇ ಜಗ್ಗುತ್ತದೆ. ಹೊರಸಿನ ಮೇಲೆ ಬಣ್ಣದ ಬದಿ ಕೆಳಗೆ ಮಾಡಿ, ನೆರಳು ಗಾಳಿಯಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮಡಚದೆ ಸುತ್ತಿ, ಒಣ ಬೇವಿನ ಎಲೆ ಇಟ್ಟು, ಹಳೆ ಧೋತ್ರದಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ. ಮಳೆಗಾಲದಲ್ಲಿ ಶಹಾಬಾದ ಕಲ್ಲಿನ ನೆಲ ತಂಪು ಕಾರುತ್ತದೆ, ಅದರ ಮೇಲೆ ಹಾಸಿಯೇ ಬಿಡಬೇಡಿ. ನೀರು ಹೊಕ್ಕರೆ ಮಾತ್ರ ಎಂಟು ದಿನ ಕಾಯಬೇಡಿ, ಅವತ್ತೇ ಬಿಚ್ಚಿ ಗಾಳಿಗೆ ಹರವಿ.

ಈ ವರ್ಷವೂ ದೀವಳಗಿ ಮುಂದೆ ಜಮಖಾನ ಹೊರಗೆ ತೆಗೆದೆವು. ಅವ್ವ ಬೆತ್ತ ಹಿಡಿದು ನಿಂತಿದ್ದಳು. ಆ ಕೆಂಪು ನವಿಲಿನ ಹತ್ತಿರ ನಮ್ಮ ಕೈ ನಿಂತದ್ದು ನೋಡಿ ಅಂದಳು: "ಅದನ್ಯಾಕ ನೋಡ್ತಿ? ನಿಮ್ಮಪ್ಪ ತಂದದ್ರಾಗ ನಿಂದೂ ಒಂದು ಗುರುತ ಇರ್ಲಿ ಬಿಡು. ಹಿಡಿ ಆ ಕಡಿ."

ನಾವು ಆ ಕಡೆ ಹಿಡಿದೆವು.