ಐದು ತಟ್ಟೆ, ಒಬ್ಬರೇ ಮಿಸ್

ಚಿಂತಾಮಣಿಯಿಂದ ಮದನಪಲ್ಲಿ ಕಡೆಗೆ ಹೋಗುವ ಬಸ್ಸಿಳಿದು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಬಂದಿದ್ದೀರಿ. ಚಪ್ಪಲಿ ಹೊರಗೇ ಬಿಡಿ. ತಲೆ ಸ್ವಲ್ಪ ತಗ್ಗಿಸಿ. ಗೋಡೆಯಿಂದ ಗೋಡೆಗೆ ಕಟ್ಟಿದ ದಾರದಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗಾಡುತ್ತಿವೆ.

ಒಂದು, ಎರಡು, ಮೂರನೇ ತರಗತಿ ಎಲ್ಲ ಇದೇ ಕೊಠಡಿಯಲ್ಲಿ. ಬೆಳಗಿನ ಬಿಸಿಹಾಲಿನ ಬಿಳಿ ಮೀಸೆ ಕೆಲವರ ತುಟಿಯ ಮೇಲೆ ಇನ್ನೂ ಇದೆ. ಮಿಸ್ ಒಮ್ಮೆ ಚಪ್ಪಾಳೆ ತಟ್ಟಿದ್ದೇ ತಡ, ಎಲ್ಲರೂ ಗೋಡೆಯ ಕಲಿಕಾ ಏಣಿಯತ್ತ ನುಗ್ಗುತ್ತಾರೆ. ನಿನ್ನೆ ನಿಂತ ಮೆಟ್ಟಿಲನ್ನು ಬೆರಳಿಟ್ಟು ಹುಡುಕಿ, ಆ ಮೆಟ್ಟಿಲಿನ ಚಿತ್ರವೇ ಇರುವ ಕಾರ್ಡು ಎತ್ತಿಕೊಂಡು, ತಂತಮ್ಮ ‘ತಟ್ಟೆ’ಯ ಸುತ್ತ ಕೂರುತ್ತಾರೆ. ತಟ್ಟೆ ಅಂದರೆ ಗುಂಪು; ಒಟ್ಟು ಐದು. ಮೊದಲನೆಯದಕ್ಕೆ ಮಿಸ್ ಪೂರ್ತಿ ಬೇಕು, ಐದನೆಯದಕ್ಕೆ ಬೇಡವೇ ಬೇಡ.

ಇದು ನಲಿ-ಕಲಿ ಪದ್ಧತಿ. ಇದೇ ರಸ್ತೆಯಲ್ಲಿ ಗಡಿ ದಾಟಿದರೆ ಸಿಗುವ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರಲ್ಲಿ ಇದನ್ನು ಕಟ್ಟಿದರು. ಪಕ್ಕದ ಮನೆಯ ವಿದ್ಯೆ ಮೈಸೂರು ಸುತ್ತಿಕೊಂಡು ನಮ್ಮೂರಿಗೆ ಬಂತು!

ಗದ್ದಲ ಇದೆ, ಇಲ್ಲವೆನ್ನಲಾರೆ. ಹಿಂದೆ ಇಬ್ಬರು ಒಂದು ಬಳಪಕ್ಕೆ ಜಗಳಕ್ಕಿಳಿದಿದ್ದಾರೆ, ತೆಲುಗಿನಲ್ಲಿ. ಮಿಸ್ ಕೂಗುವುದಿಲ್ಲ. ಎದ್ದು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಳಪವನ್ನು ಪಟ್ಟನೆ ಎರಡು ತುಂಡು ಮಾಡಿ ಕೊಟ್ಟು ಬರುತ್ತಾರೆ. ಕೋಲು ಹುಡುಕಿದರೂ ಈ ಕೋಣೆಯಲ್ಲಿ ಸಿಗದು.

ನಾಲ್ಕನೇ ತಟ್ಟೆಯಲ್ಲೊಬ್ಬ ತೂಕಡಿಸುತ್ತಿದ್ದಾನೆ.

“ರಾತ್ರಿ ಮಲಗಲಿಲ್ವೇನೋ?”

“ಮನೇಲಿ ಹುಳ ಹಣ್ಣಾಗಿದೆ ಮಿಸ್.”

ಇಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಹಣ್ಣಾದ ರೇಷ್ಮೆ ಹುಳ ಬೆಳಗಾಗುವ ತನಕ ಕಾಯುವುದಿಲ್ಲ. ಮನೆಮಂದಿಯೆಲ್ಲ ಕೂತು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೋದ ಮೇಲೇ ಮನೆಗೆ ದುಡ್ಡು.

ಮಿಸ್ ಅವನನ್ನು ತಮ್ಮ ಪಕ್ಕಕ್ಕೆ ಕರೆದು, ಒಂದು ಹಿಡಿ ಹುಣಸೆಬೀಜ ಸುರಿಯುತ್ತಾರೆ. “ಇವೇ ಹುಳ ಅನ್ಕೋ. ಹತ್ತತ್ತು ಮಾಡಿ ಬಿಡು.”

ಕಣ್ಣುಜ್ಜಿಕೊಂಡವನು ಬೀಜಗಳನ್ನು ಮುಟ್ಟುವ ರೀತಿ ನೋಡಿ: ಎರಡೇ ಬೆರಳು, ಎಲ್ಲಿ ನೋವಾದೀತೋ ಎಂಬಂತೆ. ಸಾಲು ಹಿಡಿಯುತ್ತಾನೆ. ಹತ್ತು, ಇಪ್ಪತ್ತು, ಮೂವತ್ತು. ಒಂದು ಬೀಜ ಪಕ್ಕಕ್ಕೆಸೆಯುತ್ತಾನೆ.

“ಅದ್ಯಾಕೋ?”

“ಅದಿನ್ನೂ ಹಣ್ಣಾಗಿಲ್ಲ ಮಿಸ್.”